ರಣರಂಗದ ಶಸ್ತ್ರವೈದ್ಯ ಲಾರೇ

ನೆಪೋಲಿಯನ್ನನ ಕಾಲದ ಇತಿಹಾಸವನ್ನು ಓದುವವರಿಗೆ ಅವನ ಸೇನಾಪತಿಗಳ ಹೆಸರುಗಳು ಬಹುಬೇಗ ಪರಿಚಿತವಾಗುತ್ತವೆ. ನೇ, ಮ್ಯುರಾ, ದಾವೂ, ಸೂಲ್ಟ್, ಲಾನ್ ಮೊದಲಾದವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿಯಾದರೂ ನೆನಪಿಡುತ್ತಾರೆ. ಅದೇ ರಣರಂಗಗಳಲ್ಲಿ, ಅದೇ ಗುಂಡಿನ ಮಳೆಯ ನಡುವೆ, ಬಿದ್ದವರನ್ನು ಎತ್ತಿ ಉಪಚರಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಒಬ್ಬ ಶಸ್ತ್ರವೈದ್ಯನಿದ್ದನು. ವೈದ್ಯಲೋಕಕ್ಕೆ ಆತನ ಹೆಸರು ಸುಪರಿಚಿತ. ಪ್ಯಾರಿಸ್ಸಿನ ವಿಜಯದ್ವಾರದ ಮೇಲೆ ಸೇನಾನಿಗಳ ಹೆಸರುಗಳ ಸಾಲಿನಲ್ಲಿ ಆತನ ಹೆಸರನ್ನೂ ಕೆತ್ತಿದ್ದಾರೆ. ನಮ್ಮ ಕಡೆಯ ಓದುಗರಿಗೆ ಮಾತ್ರ ಆತನ ಪರಿಚಯ ಅಷ್ಟಾಗಿ ಇದ್ದಂತಿಲ್ಲ. ಡೊಮಿನಿಕ್ ಝಾಂ ಲಾರೇ ಎಂಬ ಆ ಮಹನೀಯನ ಬದುಕನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಬೇಕೆಂದು ನನ್ನ ಅಪೇಕ್ಷೆ.

ಈ ಅಪೇಕ್ಷೆಗೆ ಕಾರಣವುಂಟು. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾದಂದಿನಿಂದ, ಕೂಗು ಹಾಕುತ್ತ ಧಾವಿಸುವ ಆ ವಾಹನ ನಮ್ಮ ಹಳ್ಳಿಪಟ್ಟಣಗಳಿಗೆ ಬಳಕೆಯ ನೋಟವಾಗಿದೆ. ವಾಹನದ ವೇಗವನ್ನು ಎಲ್ಲರೂ ಮೆಚ್ಚುತ್ತೇವೆ. ಅದರೊಳಗೆ ಕುಳಿತ ಸಹಾಯಕನು ಪಡೆದ ಶಿಕ್ಷಣ ಎಂಥದೆಂದು ಯೋಚಿಸುವವರು ಕಡಮೆ. ಆತನು ಮುಖ್ಯವಾಗಿ ಮೂರು ವಿಷಯಗಳನ್ನು ಕಲಿತಿರಬೇಕಾಗುತ್ತದೆ. ಮೊದಲನೆಯದು, ರೋಗಿಯನ್ನು ನೋಡಿ ಅವನ ಸ್ಥಿತಿಯನ್ನು ಅರಿಯುವ ಬಗೆ. ಎರಡನೆಯದು, ಕೈಯ ನೈಪುಣ್ಯ. ಮೂರನೆಯದು, ರೋಗಿಯ ಮೈಯಿಂದಲೂ ಮಾತಿನಿಂದಲೂ ತಿಳಿದುದನ್ನು ಅವನ ಹಿತಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸದಿರುವ ಸಂಯಮ. ಈ ಮೂರೂ ಒಂದೇ ವಿದ್ಯೆಯ ಮೂರು ಅಂಗಗಳೆಂಬುದು ಲಾರೇಯ ಜೀವನವನ್ನು ಓದಿದಾಗ ನನಗೆ ಮನವರಿಕೆಯಾಯಿತು.

ಲಾರೇ ಹುಟ್ಟಿದುದು 1766ರ ಜುಲೈ 8ರಂದು, ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿರುವ ಪಿರನೀಸ್ ಪರ್ವತಗಳ ತಪ್ಪಲಿನ ಬೋದೆಯಾಂ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಜೋಡು ಹೊಲಿಯುವ ಕಸುಬಿನವನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಮೊದಲ ಅಕ್ಷರಾಭ್ಯಾಸ ಊರ ಪಾದ್ರಿಯಿಂದ ಆಯಿತು. ತುಲೂಸ್ ನಗರದಲ್ಲಿ ಹೆಸರುವಾಸಿಯಾದ ಶಸ್ತ್ರವೈದ್ಯನಾಗಿದ್ದ ಅಲೆಕ್ಸಿ ಲಾರೇ ಈತನ ತಂದೆಯ ಸೋದರ. ಹದಿಹರೆಯಕ್ಕೆ ಕಾಲಿಡುತ್ತಿದ್ದ ಬಾಲಕನು ಕಾಲ್ನಡಿಗೆಯಲ್ಲಿಯೇ ದೂರದ ತುಲೂಸನ್ನು ಸೇರಿ, ಅವನ ಆಶ್ರಯದಲ್ಲಿ ಕೆಲವು ವರ್ಷ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡಿದನು. ಆಮೇಲೆ 1787ರಲ್ಲಿ ನೌಕಾಪಡೆಯ ಶಸ್ತ್ರವೈದ್ಯನಾಗಿ ಆಯ್ಕೆಗೊಂಡು, ವಿಜಿಲಾಂತ್ ಎಂಬ ಹಡಗಿನಲ್ಲಿ ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡ್‌ವರೆಗೆ ಹೋಗಿ ಬಂದನು. ಆದರೆ ಕಡಲಿನ ಅಲೆಗಳು ಆತನ ಹೊಟ್ಟೆಗೆ ಒಗ್ಗಲಿಲ್ಲ. ಹಡಗಿನ ಉದ್ಯೋಗವನ್ನು ತೊರೆದು 1789ರಲ್ಲಿ, ಎಂದರೆ ಮಹಾಕ್ರಾಂತಿಯ ವರ್ಷದಲ್ಲಿಯೇ, ಪ್ಯಾರಿಸ್ಸಿಗೆ ಬಂದು ನೆಲಸಿದನು.

ಅಲ್ಲಿ ಆತನಿಗೆ ದೊರೆತ ಗುರು, ಓತೆಲ್ ದಿಯೂ ಎಂಬ ಪುರಾತನ ಆಸ್ಪತ್ರೆಯ ದೆಸೋ. ಗ್ರಂಥದಲ್ಲಿರುವುದನ್ನು ಪೀಠದ ಮೇಲಿಂದ ಓದಿ ಹೇಳುವುದೇ ಬೋಧನೆಯೆಂದು ತಿಳಿದಿದ್ದ ಕಾಲದಲ್ಲಿ, ದೆಸೋ ಶಿಷ್ಯರನ್ನು ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ಯುತ್ತಿದ್ದನು. ಅವರ ಎದುರಿಗೇ ಗಾಯವನ್ನು ಪರೀಕ್ಷಿಸಿ, ಶಸ್ತ್ರಕ್ರಿಯೆ ನಡೆಸಿ, ಅದರ ಫಲವನ್ನು ಅವರು ಕಣ್ಣಾರೆ ಕಾಣುವಂತೆ ಮಾಡುತ್ತಿದ್ದನು. ಲಾರೇ ಮುಂದೆ ತಾನೇ ಗುರುವಾದಾಗಲೂ ಈ ಮಾರ್ಗವನ್ನು ಬಿಡಲಿಲ್ಲ.

ಫ್ರಾನ್ಸಿನ ಹೊಸ ಸರ್ಕಾರಕ್ಕೂ ಯೂರೋಪಿನ ರಾಜರಿಗೂ 1792ರಲ್ಲಿ ಯುದ್ಧ ಮೊದಲಾಯಿತು. ಲಾರೇಯನ್ನು ರೈನ್ ನದಿಯ ಸೈನ್ಯಕ್ಕೆ ಕಳುಹಿಸಿದರು. ಅಲ್ಲಿ ಆತನು ಕಂಡ ವ್ಯವಸ್ಥೆ ವ್ಯವಸ್ಥೆಯೆಂಬ ಹೆಸರಿಗೇ ಯೋಗ್ಯವಾಗಿರಲಿಲ್ಲ. ಚಿಕಿತ್ಸೆಯ ದಳ ಕಾಳಗದ ಸ್ಥಳದಿಂದ ಒಂದು ಲೀಗು, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಹರದಾರಿ, ಹಿಂದೆ ನಿಲ್ಲಬೇಕೆಂಬುದು ನಿಯಮ. ಯುದ್ಧ ಮುಗಿಯುವವರೆಗೂ ಗಾಯಾಳುಗಳು ಬಿದ್ದಲ್ಲಿಯೇ ಬಿದ್ದಿರುತ್ತಿದ್ದರು. ಭಾರವಾದ ಬಂಡಿಗಳು ಕೆಟ್ಟ ದಾರಿಗಳಲ್ಲಿ ತೆವಳುತ್ತ ಬಂದು ತಲಪುವ ವೇಳೆಗೆ ಒಂದು ಹಗಲೂ ಒಂದು ರಾತ್ರಿಯೂ ಕಳೆದುಹೋಗುತ್ತಿದ್ದವು. ಒಮ್ಮೊಮ್ಮೆ ಇನ್ನೂ ಹೆಚ್ಚು. ಬದುಕಬಹುದಾಗಿದ್ದವರಲ್ಲಿ ಎಷ್ಟೋ ಮಂದಿ ಅಷ್ಟರೊಳಗೆ ರಕ್ತ ಸೋರಿ ಸಾಯುತ್ತಿದ್ದರು. ಸೈನ್ಯ ಹಿಂದೆಗೆದರಂತೂ ಬಿದ್ದವರ ಗತಿಯನ್ನು ಕೇಳುವವರೇ ಇರಲಿಲ್ಲ.

ಅದೇ ಸೈನ್ಯದಲ್ಲಿ ಕುದುರೆಗಳು ಎಳೆಯುವ ಹಗುರವಾದ ಫಿರಂಗಿಗಳಿದ್ದವು. ಅವನ್ನು ಹಾರುವ ಫಿರಂಗಿಗಳೆಂದು ಕರೆಯುತ್ತಿದ್ದರು; ಕ್ಷಣಮಾತ್ರದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಅವು ಧಾವಿಸುತ್ತಿದ್ದವು. ಕೊಲ್ಲುವ ಸಾಧನ ಅಷ್ಟು ಚುರುಕಾಗಿ ಚಲಿಸಬಲ್ಲುದಾದರೆ ಕಾಯುವ ಸಾಧನ ಏಕೆ ಚಲಿಸಬಾರದು ಎಂಬ ಆಲೋಚನೆ ಲಾರೇಗೆ ಹೊಳೆಯಿತು. ಹೀಗೆ ಹುಟ್ಟಿದುದು ಆತನ ಹಾರುವ ಆಂಬುಲೆನ್ಸ್. ಸೇನಾಪತಿ ಕುಸ್ತೀನನ ಒಪ್ಪಿಗೆ ದೊರೆತು, ಶಸ್ತ್ರವೈದ್ಯನೂ ಅವನ ಸಹಾಯಕರೂ ಕಾಳಗ ನಡೆಯುತ್ತಿರುವಾಗಲೇ ಮುಂದಿನ ಸಾಲುಗಳವರೆಗೆ ಹೋಗತೊಡಗಿದರು.

ಈ ಏರ್ಪಾಡು ಪೂರ್ಣರೂಪಕ್ಕೆ ಬಂದುದು 1797ರಲ್ಲಿ, ಇಟಲಿಯ ಸೈನ್ಯದಲ್ಲಿ. ಲಾರೇಯ ಅಧೀನದಲ್ಲಿ 340 ಮಂದಿಯ ಒಂದು ದಳ ಸಿದ್ಧವಾಯಿತು. ಅದರಲ್ಲಿ ಮೂರು ವಿಭಾಗಗಳು; ಒಂದೊಂದು ವಿಭಾಗಕ್ಕೆ 12 ಹಗುರ ಬಂಡಿಗಳು. ಬಯಲು ನೆಲಕ್ಕೆ ಎರಡು ಚಕ್ರದ ಬಂಡಿ. ಅದರಲ್ಲಿ ಇಬ್ಬರು ಗಾಯಾಳುಗಳು ಮೈಚಾಚಿ ಮಲಗಬಹುದು. ಬೆಟ್ಟಗುಡ್ಡಗಳ ದಾರಿಗೆ ನಾಲ್ಕು ಚಕ್ರದ, ನಾಲ್ಕು ಮಂದಿ ಹಿಡಿಸುವ ಬಂಡಿ. ಬಂಡಿಯ ಮೈಗೆ ಕುಲುಕಾಟ ತಗಲದಂತೆ ಸ್ಪ್ರಿಂಗುಗಳು, ಗಾಳಿಯಾಡಲು ಕಿಟಕಿಗಳು, ಗಾಯಾಳುವನ್ನು ನೋಯಿಸದೆ ಒಳಕ್ಕೆ ಸರಿಸಲು ಉರುಳೆಗಳ ಮೇಲೆ ಜಾರುವ ಹಾಸಿಗೆ. ಇವೆಲ್ಲವನ್ನೂ ಲಾರೇ ತನ್ನ ಸ್ಮೃತಿಗ್ರಂಥದಲ್ಲಿ ಬಡಗಿಯ ಎಚ್ಚರದಿಂದ ವರ್ಣಿಸಿದ್ದಾನೆ.

ಬಂಡಿಯ ಈ ವಿವರಗಳಿಗಿಂತಲೂ ನನ್ನ ಗಮನವನ್ನು ಹೆಚ್ಚಾಗಿ ಸೆಳೆದುದು ದಳದ ರಚನೆ. ಶಸ್ತ್ರವೈದ್ಯರು, ಅವರ ಕೈಕೆಳಗಿನ ಸಹಾಯಕರು, ಕುದುರೆಯ ಮೇಲೆ ಸಾಗುವ ಶುಶ್ರೂಷಕರು, ಕಾಲ್ನಡಿಗೆಯ ಶುಶ್ರೂಷಕರು, ಪಟ್ಟಿಬಟ್ಟೆಗಳನ್ನೂ ಉಪಕರಣಗಳನ್ನೂ ಹೊರುವವರು, ಹೀಗೆ ಪ್ರತಿಯೊಬ್ಬನಿಗೂ ಗೊತ್ತಾದ ಸ್ಥಾನವಿತ್ತು, ಗೊತ್ತಾದ ಕೆಲಸವಿತ್ತು. ಅದಕ್ಕೆ ಮೊದಲು ಗಾಯಾಳುವನ್ನು ಎತ್ತಿ ತರುತ್ತಿದ್ದವರು ಕೈಗೆ ಸಿಕ್ಕ ಸೈನಿಕರು ಇಲ್ಲವೆ ಹಳ್ಳಿಯ ಗಾಡಿಯವರು. ಮುರಿದ ಕಾಲನ್ನು ಹೇಗೆ ಹಿಡಿಯಬೇಕು, ರಕ್ತವನ್ನು ಎಲ್ಲಿ ಒತ್ತಿ ನಿಲ್ಲಿಸಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಗಾಯಾಳುವಿನ ಬಳಿಗೆ ಮೊದಲು ಹೋಗುವವನೇ ಶಿಕ್ಷಣ ಪಡೆದವನಾಗಿರಬೇಕೆಂಬ ತತ್ತ್ವ ಲಾರೇಯ ದಳದಲ್ಲಿ ಮೈದೋರಿತು. ಪ್ಯಾರಿಸ್ಸಿನ ವಾಲ್ ದ ಗ್ರಾಸ್ ಸೈನಿಕ ಆಸ್ಪತ್ರೆಯಲ್ಲಿ 1796ರಲ್ಲಿಯೇ ಪ್ರಾಧ್ಯಾಪಕನಾಗಿ ನೇಮಕಗೊಂಡಿದ್ದ ಆತನು, ದಂಡಯಾತ್ರೆಗಳ ನಡುವೆ ಬಿಡುವು ದೊರೆತ ನಗರಗಳಲ್ಲಿಯೂ ತರುಣ ವೈದ್ಯರನ್ನು ಕೂಡಿಸಿ ಪಾಠ ಹೇಳುತ್ತಿದ್ದನು. ಈ ಪಾಠಗಳಲ್ಲೊಂದು ಮುಂದೆ ಆತನ ಪ್ರಾಣವನ್ನೇ ಉಳಿಸಿತು. ಆ ಸಂಗತಿಯನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಬಂಡಿ ಬಂದಿತು, ಶಿಕ್ಷಿತರಾದ ಜನರೂ ಬಂದರು. ಆದರೆ ನೂರು ಮಂದಿ ಬಿದ್ದಿರುವಲ್ಲಿ ಮೊದಲು ಯಾರನ್ನು ಎತ್ತಬೇಕು? ಹಿಂದಿನ ಸಂಪ್ರದಾಯದಂತೆ ಅಧಿಕಾರಿ ಮೊದಲು, ಸಾಮಾನ್ಯ ಸೈನಿಕ ಆಮೇಲೆ. ಶತ್ರುವಿನ ಮಾತೇ ಇಲ್ಲ. ಲಾರೇ ಈ ಕ್ರಮವನ್ನು ಸಂಪೂರ್ಣವಾಗಿ ತಳ್ಳಿಹಾಕಿದನು. ಅಪಾಯಕರವಾಗಿ ಗಾಯಗೊಂಡವನಿಗೆ ಮೊದಲ ಸರದಿ. ಅವನ ಪದವಿ ಯಾವುದು, ಅವನು ಯಾವ ದೇಶದವನು ಎಂಬುದನ್ನು ನೋಡತಕ್ಕುದಲ್ಲ. ಸ್ವಲ್ಪ ಗಾಯವಾದವರು ಕಾಯಬೇಕು; ನಡೆಯಬಲ್ಲವರು ನಡೆದೇ ಹಿಂದಿನ ಆಸ್ಪತ್ರೆಗೆ ಹೋಗಬೇಕು. ಮುಂದೆ ಈ ವಿಂಗಡಣೆಗೆ ತ್ರಿಯಾಜ್ ಎಂಬ ಹೆಸರು ನಿಂತಿತು. ಆರಿಸಿ ಬೇರ್ಪಡಿಸುವುದೆಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದ ಹೆಸರದು.

ಕೇಳಲು ಸರಳವಾದ ಈ ನಿಯಮವನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ನರಳಿ ಕೂಗುವವನು ಹತ್ತಿರ ಕರೆಯುತ್ತಾನೆ. ಆದರೆ ಕೂಗಲು ಶಕ್ತಿಯಿಲ್ಲದೆ ಬಿಳುಪೇರಿ ಮಲಗಿದವನೇ ಹೆಚ್ಚಿನ ಅಪಾಯದಲ್ಲಿರಬಹುದು. ಅಧಿಕಾರಿ ಗದರಿಸುತ್ತಾನೆ, ಗೆಳೆಯ ಬೇಡುತ್ತಾನೆ. ಇವುಗಳ ನಡುವೆ ಉಸಿರು, ನಾಡಿ, ರಕ್ತಸ್ರಾವ, ಪ್ರಜ್ಞೆ ಇವನ್ನು ಮಾತ್ರ ನೋಡಿ ತೀರ್ಮಾನಿಸಲು ಕಣ್ಣಿಗೆ ಅಭ್ಯಾಸ ಬೇಕು, ಮನಸ್ಸಿಗೆ ನ್ಯಾಯಬುದ್ಧಿ ಬೇಕು. ಇಂದಿನ ಆಂಬುಲೆನ್ಸ್ ಸಹಾಯಕರೂ ಮೊದಲ ಪಾಠವಾಗಿ ಕಲಿಯುವುದು ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ ಎಂಬ ಅನುಕ್ರಮವನ್ನೇ. ಸಾಧನಗಳು ಬೆಳೆದಿವೆ, ಯಾರ ಸರದಿ ಮೊದಲು ಎಂಬ ಪ್ರಶ್ನೆ ಹಾಗೆಯೇ ಇದೆ.

ನೆಪೋಲಿಯನ್ನನೊಡನೆ 1798ರಲ್ಲಿ ಲಾರೇ ಈಜಿಪ್ಟಿಗೆ ಹೋದನು. ಮರಳುನೆಲದಲ್ಲಿ ಬಂಡಿಗಳು ನಡೆಯಲಿಲ್ಲ. ಆತನು ಒಡನೆಯೇ ಒಂಟೆಗಳ ಎರಡು ಪಕ್ಕಗಳಿಗೂ ತೊಟ್ಟಿಲಿನಂಥ ಪೆಟ್ಟಿಗೆಗಳನ್ನು ಕಟ್ಟಿಸಿ, ಒಂದೊಂದರಲ್ಲಿ ಒಬ್ಬೊಬ್ಬ ಗಾಯಾಳುವನ್ನು ಮಲಗಿಸಿ ಸಾಗಿಸಿದನು. ಸಿರಿಯಾದ ದಂಡಯಾತ್ರೆಯಲ್ಲಿ ಸೈನಿಕರ ಗಾಯಗಳಲ್ಲಿ ನೊಣದ ಹುಳುಗಳು ಬೀಳುತ್ತಿದ್ದವು. ಸೈನಿಕರು ಗಾಬರಿಗೊಂಡರು. ಲಾರೇ ಅಸಹ್ಯಪಡದೆ ದಿನದಿನವೂ ಗಮನಿಸಿ, ಆ ಹುಳುಗಳು ಸತ್ತ ಮಾಂಸವನ್ನಷ್ಟೇ ತಿನ್ನುತ್ತವೆ, ಗಾಯ ಬೇಗ ಮಾಯಲು ನೆರವಾಗುತ್ತವೆ ಎಂದು ಕಂಡುಕೊಂಡನು. ಸೈನಿಕರಿಗೂ ಅದನ್ನು ತಿಳಿಸಿ ಧೈರ್ಯ ಹೇಳಿದನು. ಐಲೌ ಕಾಳಗ ನಡೆದುದು 1807ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ. ಅಲ್ಲಿ ಮರಗಟ್ಟಿದ ಅಂಗಗಳನ್ನು ಕತ್ತರಿಸುವಾಗ ಸೈನಿಕರಿಗೆ ನೋವು ಬಹು ಕಡಮೆಯೆಂಬುದನ್ನು ಗುರುತಿಸಿದನು. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಕ್ರಿಯೆ ನಡೆಸುವ ಪದ್ಧತಿ ಲೋಕಪ್ರಸಿದ್ಧವಾಗಲು ಇನ್ನೂ ಸುಮಾರು ನಾಲ್ವತ್ತು ವರ್ಷ ಬೇಕಾಗಿತ್ತು.

ಅಂಗಚ್ಛೇದನದ ವಿಷಯದಲ್ಲಿ ಆತನ ಮತ ಖಚಿತವಾಗಿತ್ತು. ಛಿದ್ರವಾದ ಕೈಕಾಲನ್ನು ಕೆಲವು ದಿನ ಅಥವಾ ವಾರ ತಡೆದು ಆಮೇಲೆ ಕತ್ತರಿಸುವುದು ಲೇಸೆಂದು ಅಂದಿನ ಹಲವು ಪಂಡಿತರು ನಂಬಿದ್ದರು. ಕತ್ತರಿಸಲೇಬೇಕಾದುದನ್ನು ಮೊದಲ 24 ಗಂಟೆಗಳೊಳಗೆ ಕತ್ತರಿಸಿದರೆ ಬದುಕುವವರು ಹೆಚ್ಚು ಎಂಬುದು ಲಾರೇಯ ಅನುಭವ. ಬೊರೊದಿನೋ ಕಾಳಗದಲ್ಲಿ, 1812ರ ಸೆಪ್ಟೆಂಬರಿನಲ್ಲಿ, ಒಂದು ಹಗಲು ಒಂದು ರಾತ್ರಿಯೊಳಗೆ ಆತನೊಬ್ಬನೇ ಸುಮಾರು 200 ಅಂಗಚ್ಛೇದನಗಳನ್ನು ಮಾಡಿದನೆಂದು ಇತಿಹಾಸ ಹೇಳುತ್ತದೆ. ಮರವೆಯ ಮದ್ದಿಲ್ಲದ ಕಾಲದಲ್ಲಿ ಕೈಯ ವೇಗವೇ ಕರುಣೆ.

ಆದರೆ ಆ ವೇಗದ ಕೈಯ ಹಿಂದೆ ಎಂಥ ಮನಸ್ಸಿತ್ತು ಎಂಬುದನ್ನು ತಿಳಿಯಲು ರಣರಂಗದಾಚೆಯ ಒಂದು ಘಟನೆಯನ್ನು ನೋಡಬೇಕು. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಫ್ರೆಂಚ್ ಅಧಿಕಾರಿಯೊಬ್ಬನನ್ನು ವಿವಾಹವಾಗಿ ಪ್ಯಾರಿಸ್ಸಿನಲ್ಲಿದ್ದಳು. ಆಕೆಯ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಲಾರೇ 1811ರ ಸೆಪ್ಟೆಂಬರ್ 30ರಂದು, ಆಕೆ ಪ್ರಜ್ಞೆಯಲ್ಲಿರುವಾಗಲೇ, ಆ ಸ್ತನವನ್ನು ತೆಗೆದುಹಾಕಿದನು. ಆ ಯಾತನೆಯನ್ನು ಆಕೆ ಮುಂದೆ ತನ್ನ ಅಕ್ಕತಂಗಿಯರಿಗಾಗಿ ಒಂದು ದೀರ್ಘವಾದ ಪತ್ರದಲ್ಲಿ ಬರೆದಳು. ಕೆಲಸ ಮುಗಿದಾಗ ವೈದ್ಯನ ಮುಖ ತನ್ನ ಮುಖದಷ್ಟೇ ಬಿಳಿಚಿಕೊಂಡಿದ್ದುದನ್ನೂ ಆಕೆ ಮರೆಯಲಿಲ್ಲ. ಸಾವಿರಾರು ಸೈನಿಕರ ಅಂಗಗಳನ್ನು ಕತ್ತರಿಸಿದ ಆ ವೈದ್ಯನ ಮನಸ್ಸು ಕಲ್ಲಾಗಿರಲಿಲ್ಲ. ಆಕೆ 1840ರವರೆಗೆ ಬದುಕಿದಳು. ಈ ವೃತ್ತಾಂತವನ್ನು ಲೋಕ ಅರಿತುದು ಆಕೆಯ ಪತ್ರದಿಂದ. ತನ್ನ ದೇಹದ ಕಥೆಯನ್ನು ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಆ ದೇಹದ ಒಡತಿಯೇ ನಿಶ್ಚಯಿಸಿದಳು. ಅದು ಉಚಿತವಾದ ಕ್ರಮವೆಂದು ನನ್ನ ಭಾವನೆ.

ರೋಗಿಯಿಂದ ತಿಳಿದುದನ್ನು ಹೊರಗೆಡಹಬಾರದೆಂಬ ನಿಯಮ ಹಿಪಾಕ್ರಟೀಸನ ಹೆಸರಿನ ಪುರಾತನ ಪ್ರತಿಜ್ಞೆಯಲ್ಲಿಯೇ ಇದೆ. ಫ್ರಾನ್ಸಿನಲ್ಲಿ 1810ರ ದಂಡಸಂಹಿತೆ ಈ ನಿಯಮಕ್ಕೆ ಕಾನೂನಿನ ಬಲವನ್ನೂ ಕೊಟ್ಟಿತು. ವೈದ್ಯ, ಶಸ್ತ್ರವೈದ್ಯ, ಔಷಧ ಮಾರುವವನು, ಸೂಲಗಿತ್ತಿ ಇವರಲ್ಲಿ ಯಾರೇ ಆಗಲಿ, ವೃತ್ತಿಯ ಕಾರಣದಿಂದ ತಿಳಿದ ಗುಟ್ಟನ್ನು ಬಯಲು ಮಾಡಿದರೆ ಸೆರೆಮನೆಯ ಶಿಕ್ಷೆ ಎಂದು ಅದು ವಿಧಿಸಿತು. ಮನೆಯ ಹಾಸಿಗೆಯ ಮೇಲೆ ಮಲಗಿದ ರೋಗಿಗೆ ಈ ರಕ್ಷೆ ದೊರೆಯಿತು. ಆದರೆ ಸೈನಿಕನಿಗೆ? ಅವನ ವೈದ್ಯನಿಗೆ ಸಂಬಳ ಕೊಡುವುದು ಸೈನ್ಯ, ಆಜ್ಞೆ ಮಾಡುವುದು ಸೇನಾಪತಿ. ಗಾಯಾಳುವಿನ ಮೈಯನ್ನು ಪರೀಕ್ಷಿಸಿ ತಿಳಿದುದನ್ನು ಸೇನಾಪತಿ ಗಾಯಾಳುವಿನ ವಿರುದ್ಧವೇ ಸಾಕ್ಷ್ಯವಾಗಿ ಕೇಳಿದರೆ ವೈದ್ಯನು ಏನು ಮಾಡಬೇಕು? ಈ ಪ್ರಶ್ನೆ 1813ರಲ್ಲಿ ಲಾರೇಯ ಎದುರು ಬಂದು ನಿಂತಿತು.

ಅದರ ಹಿಂದಿನ ವರ್ಷ ರಷ್ಯಾದ ಹಿಮದಲ್ಲಿ ನೆಪೋಲಿಯನ್ನನ ಮಹಾಸೈನ್ಯ ನಾಶವಾಗಿತ್ತು. ಬೆರೆಜಿನಾ ನದಿಯ ಸೇತುವೆಯ ಬಳಿ ಜನ ಒಬ್ಬರನ್ನೊಬ್ಬರು ತುಳಿದು ಸಾಯುತ್ತಿದ್ದಾಗ, ಲಾರೇಯನ್ನು ಗುರುತಿಸಿದ ಸೈನಿಕರು ಆತನನ್ನು ಕೈಯಿಂದ ಕೈಗೆ ಎತ್ತಿ ದಾಟಿಸಿ ಆಚೆಯ ದಡಕ್ಕೆ ಸೇರಿಸಿದ್ದರು. ಅಳಿದುಳಿದ ಸೈನ್ಯಕ್ಕೆ ನೆಪೋಲಿಯನ್ ಹೊಸದಾಗಿ ಎಳೆಯ ಹುಡುಗರನ್ನು ಸೇರಿಸಿಕೊಂಡನು. ಬಂದೂಕು ಹಿಡಿಯಲು ಸರಿಯಾಗಿ ಕಲಿಯುವ ಮೊದಲೇ ಅವರು 1813ರ ಮೇ ತಿಂಗಳಿನಲ್ಲಿ ಲುಟ್ಸೆನ್ ಮತ್ತು ಬೌಟ್ಸೆನ್ ಕಾಳಗಗಳಲ್ಲಿ ಹೋರಾಡಬೇಕಾಯಿತು. ಗಾಯಗೊಂಡು ಬಂದವರಲ್ಲಿ ಬಹುಮಂದಿಗೆ ಬೆರಳುಗಳಿಗೂ ಅಂಗೈಗೂ ಗಾಯವಾಗಿತ್ತು. ಯುದ್ಧದಿಂದ ತಪ್ಪಿಸಿಕೊಳ್ಳಲು ಈ ಹುಡುಗರು ತಮ್ಮ ಕೈಗಳನ್ನು ತಾವೇ ಸುಟ್ಟುಕೊಂಡಿದ್ದಾರೆಂಬ ಆರೋಪ ಹುಟ್ಟಿತು. ಸೇನಾಪತಿ ಸೂಲ್ಟ್ ಅದನ್ನು ಸಮರ್ಥಿಸಿದನು, ಚಕ್ರವರ್ತಿಯೂ ನಂಬಿದನು. ಆರೋಪ ನಿಜವೆಂದಾದರೆ ಶಿಕ್ಷೆ ಮರಣ.

ವೈದ್ಯರ ಅಭಿಪ್ರಾಯವನ್ನು ಕೇಳಿದರು. ಚಕ್ರವರ್ತಿಯ ಇಚ್ಛೆ ಯಾವ ಕಡೆಗಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಅಂಥ ವೇಳೆಯಲ್ಲಿ ಲಾರೇ, ಕೇವಲ ಗಾಯವನ್ನು ನೋಡಿ ಅದು ಸ್ವಂತ ಕೈಯಿಂದಾದುದೋ ಪರರ ಗುಂಡಿನಿಂದಾದುದೋ ಎಂದು ನಿರ್ಣಯಿಸುವುದು ಶಾಸ್ತ್ರಕ್ಕೆ ಸಾಧ್ಯವಿಲ್ಲವೆಂಬ ನಿಲುವನ್ನು ತಳೆದನು. ನೆಪೋಲಿಯನ್ ಸಿಟ್ಟಾದನು. ಕೊನೆಗೆ ಲಾರೇಯ ನೇತೃತ್ವದಲ್ಲಿಯೇ ಪರಿಶೀಲನೆ ನಡೆಯಬೇಕೆಂದು ಗೊತ್ತಾಯಿತು. ಆತನೂ ಆತನ ಜೊತೆಯ ವೈದ್ಯರೂ ಎರಡೂವರೆ ಸಾವಿರಕ್ಕೂ ಮಿಕ್ಕ ಹುಡುಗರನ್ನು, ಒಟ್ಟಾಗಿ ಅಲ್ಲ, ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಗಾಯದ ರೂಪ, ಗುಂಡು ಬಂದ ದಿಕ್ಕು, ಕಾಳಗದಲ್ಲಿ ಅವನು ನಿಂತಿದ್ದ ಸಾಲು ಇವನ್ನೆಲ್ಲ ವಿಚಾರಿಸಿದರು.

ಕಾರಣ ಹೊರಬಿದ್ದಿತು. ಹುಡುಗರು ಮೂರು ಸಾಲುಗಳಲ್ಲಿ ನಿಂತು ಗುಂಡು ಹಾರಿಸುತ್ತಿದ್ದರು. ಅಭ್ಯಾಸವಿಲ್ಲದ ಹಿಂದಿನ ಸಾಲಿನವರ ಗುಂಡುಗಳು ಮುಂದಿನವರ ಎತ್ತಿದ ಕೈಗಳಿಗೆ ತಗುಲುತ್ತಿದ್ದವು. ಅಲ್ಲದೆ ಬೌಟ್ಸೆನ್ನಿನಲ್ಲಿ ಶತ್ರುಗಳು ಎತ್ತರದಲ್ಲಿದ್ದರು. ಇವರು ಬಂದೂಕುಗಳನ್ನು ಮೇಲಕ್ಕೆತ್ತಿ ದಿಣ್ಣೆಯನ್ನು ಏರುತ್ತಿದ್ದರು. ಎಲ್ಲಕ್ಕಿಂತ ಮುಂದೆ ಚಾಚಿರುತ್ತಿದ್ದುದು ಕೈಯೇ. ಒಬ್ಬನ ಮೇಲೂ ಅಪರಾಧ ಸಿದ್ಧವಾಗುವುದಿಲ್ಲವೆಂದು ಲಾರೇ ಬರೆದು ಒಪ್ಪಿಸಿದನು. ತನ್ನ ಪದವಿ ಅಂದೇ ಮುಗಿಯಿತೆಂದು ಆತನು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ನೆಪೋಲಿಯನ್ ಆ ವರದಿಯನ್ನು ಒಪ್ಪಿದನು. ಸತ್ಯವನ್ನು ನುಡಿದ ವೈದ್ಯನಿಗೆ ಬಹುಮಾನವನ್ನೂ ವರ್ಷಾಶನವನ್ನೂ ಕೊಟ್ಟನು. ಹುಡುಗರು ಬದುಕಿಕೊಂಡರು.

ಲಾರೇಯ ಜೀವನದಲ್ಲಿ ನಾನು ಅತ್ಯಂತ ಹಿರಿದೆಂದು ಎಣಿಸುವುದು ಈ ಪ್ರಸಂಗವನ್ನು. ಗುಟ್ಟನ್ನು ಕಾಯುವುದೆಂದರೆ ಬಾಯಿ ಮುಚ್ಚಿಕೊಂಡಿರುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಲಾರೇ ಇಲ್ಲಿ ಮೌನವಾಗಿದ್ದಿದ್ದರೆ ಹುಡುಗರು ಸಾಯುತ್ತಿದ್ದರು. ಆತನು ಮಾತನಾಡಿದನು, ಆದರೆ ಶಾಸ್ತ್ರಕ್ಕೆ ತಿಳಿದುದಕ್ಕಿಂತ ಒಂದು ಮಾತನ್ನೂ ಹೆಚ್ಚಾಗಿ ಆಡಲಿಲ್ಲ. ರೋಗಿಯು ಉಪಚಾರಕ್ಕಾಗಿ ನೀಡಿದ ಕೈಯನ್ನು ಅವನಿಗೇ ಉರುಳಾಗಿ ಮಾಡಲು ಒಪ್ಪಲಿಲ್ಲ. ವೈದ್ಯನ ಪರೀಕ್ಷೆ ದಂಡನೆಯ ಸಾಧನವೆಂದು ಒಮ್ಮೆ ಸೈನಿಕರಿಗೆ ತೋರಿದ್ದರೆ, ಆಮೇಲೆ ಯಾವ ಗಾಯಾಳು ತಾನೆ ವೈದ್ಯನೆದುರು ಗಾಯವನ್ನು ನಿರ್ಭಯವಾಗಿ ಬಿಚ್ಚಿ ತೋರುತ್ತಿದ್ದನು? ಮುಚ್ಚಿಟ್ಟ ಗಾಯವನ್ನು ಎಂಥ ನಿಪುಣನೂ ಗುಣಪಡಿಸಲಾರ. ಆದ್ದರಿಂದ ವಿಶ್ವಾಸರಕ್ಷಣೆಯೆಂಬುದು ಚಿಕಿತ್ಸೆಗೆ ಹೊರಗಿನಿಂದ ಸೇರಿಸಿದ ಶಿಷ್ಟಾಚಾರವಲ್ಲ, ಚಿಕಿತ್ಸೆಯ ಬುಡವೇ ಅದು.

ಆತನ ಉಪಚಾರಬುದ್ಧಿ ಹಸಿವನ್ನೂ ಗಾಯವೆಂದೇ ಎಣಿಸುತ್ತಿತ್ತು. ಮೇ 1809ರ ಆಸ್ಪೆರ್ನ್ ಎಸ್ಲಿಂಗ್ ಕಾಳಗದ ಬಳಿಕ ಸಾವಿರಾರು ಗಾಯಾಳುಗಳು ಡಾನ್ಯೂಬ್ ನದಿಯ ನಡುಗಡ್ಡೆ ಲೋಬೌನಲ್ಲಿ ಸಿಕ್ಕಿಬಿದ್ದಿದ್ದರು. ಆಹಾರವಿರಲಿಲ್ಲ, ಪಾತ್ರೆಗಳಿರಲಿಲ್ಲ. ಲಾರೇ ಕುದುರೆಗಳನ್ನು ಕಡಿಸಿ, ಸವಾರರ ಎದೆಕವಚಗಳನ್ನೇ ಪಾತ್ರೆ ಮಾಡಿ, ಉಪ್ಪಿಗೆ ಬದಲಾಗಿ ಬಂದೂಕಿನ ಮದ್ದನ್ನು ಹಾಕಿಸಿ ಸಾರು ಕಾಯಿಸಿದನು. ಅದೇ ಕಾಳಗದಲ್ಲಿ ಗುಂಡೇಟು ತಿಂದ ತನ್ನ ಗೆಳೆಯ ಸೇನಾಪತಿ ಲಾನ್‌ನ ಕಾಲನ್ನು ಆತನೇ ತೆಗೆಯಬೇಕಾಯಿತು. ಲಾನ್ ಬದುಕಲಿಲ್ಲ. ವಾಗ್ರಾಂ ಕಾಳಗದ ತರುವಾಯ ಅದೇ ವರ್ಷ ಆತನಿಗೆ ಬ್ಯಾರನ್ ಎಂಬ ಬಿರುದು ಬಂದಿತು.

ಇನ್ನು ವಾಟರ್ಲೂ. ಅಲ್ಲಿ 1815ರ ಜೂನ್ 18ರಂದು ನೆಪೋಲಿಯನ್ನನ ಭಾಗ್ಯ ಅಸ್ತಮಿಸಿತು. ಗಾಯಾಳುಗಳ ನಡುವೆಯೇ ಇದ್ದ ಲಾರೇ ಪ್ರಷ್ಯದ ಸವಾರರ ಕೈಗೆ ಸೆರೆಸಿಕ್ಕಿದನು. ಮೈಕಟ್ಟಿನಲ್ಲಿಯೂ ತೊಟ್ಟ ಬೂದುಬಣ್ಣದ ಕೋಟಿನಲ್ಲಿಯೂ ಆತನು ನೆಪೋಲಿಯನ್ನನನ್ನು ಹೋಲುತ್ತಿದ್ದನಂತೆ. ಹಿಡಿದವರು ಮೊದಲು ಚಕ್ರವರ್ತಿಯೇ ಸಿಕ್ಕನೆಂದು ಹಿಗ್ಗಿದರು. ಅಲ್ಲವೆಂದು ತಿಳಿದಾಗ ರೋಷದಿಂದ ಗುಂಡಿಕ್ಕಿ ಕೊಲ್ಲಲು ಆಜ್ಞೆ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಲು ಬಂದ ಪ್ರಷ್ಯದ ವೈದ್ಯನು ಆ ಮುಖವನ್ನು ಗುರುತಿಸಿದನು. ಕೆಲವು ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಲಾರೇ ಹೇಳಿದ ಪಾಠಗಳಿಗೆ ಅವನು ಶ್ರೋತೃವಾಗಿದ್ದನು. ಸುದ್ದಿ ಸೇನಾಪತಿ ಬ್ಲೂಖರನವರೆಗೆ ಹೋಯಿತು. ಹಿಂದೊಮ್ಮೆ ಗಾಯಗೊಂಡು ಫ್ರೆಂಚರ ಸೆರೆಯಲ್ಲಿದ್ದ ಬ್ಲೂಖರನ ಮಗನನ್ನು ಉಪಚರಿಸಿ ಬದುಕಿಸಿದವನೂ ಲಾರೇಯೇ. ಸಾವಿನ ಅಂಚಿನಲ್ಲಿದ್ದ ಸೆರೆಯಾಳು ಗೌರವದ ಅತಿಥಿಯಾದನು. ಶತ್ರುಮಿತ್ರರೆಂಬ ಭೇದವಿಲ್ಲದೆ ಕಲಿಸಿದ ವಿದ್ಯೆಯೂ ಮಾಡಿದ ಚಿಕಿತ್ಸೆಯೂ ಆ ದಿನ ಆತನನ್ನು ಕಾಪಾಡಿದವು.

ರಾಜರು ಫ್ರಾನ್ಸಿಗೆ ಹಿಂದಿರುಗಿದ ಮೇಲೆ ಲಾರೇಗೆ ಕೆಲಕಾಲ ಕಷ್ಟದೆಸೆ. ಪದವಿಗಳೂ ವರ್ಷಾಶನವೂ ತಪ್ಪಿದವು, ಆಮೇಲೆ ಕ್ರಮವಾಗಿ ಮರಳಿ ಬಂದವು. ಸೇಂಟ್ ಹೆಲೆನಾ ದ್ವೀಪದಲ್ಲಿ 1821ರಲ್ಲಿ ತೀರಿಕೊಂಡ ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಲಾರೇಗೆ 100,000 ಫ್ರಾಂಕುಗಳನ್ನು ಬಿಟ್ಟು, ತಾನು ಕಂಡವರಲ್ಲೆಲ್ಲ ಈತನೇ ಪರಮ ಸದ್ಗುಣಿಯೆಂದು ಬರೆಸಿದ್ದನು. ಪ್ಯಾರಿಸ್ಸಿನಲ್ಲಿ 1830ರ ಜುಲೈ ದಂಗೆಯಾದಾಗ ಆಸ್ಪತ್ರೆಯಲ್ಲಿದ್ದ ರಾಜಪಕ್ಷದ ಗಾಯಾಳುಗಳ ಮೇಲೆ ಜನ ಏರಿ ಬಂದರು. ವೃದ್ಧನಾಗಿದ್ದ ಲಾರೇ ಬಾಗಿಲಿಗೆ ಅಡ್ಡನಿಂತು ಅವರನ್ನು ತಡೆದನು. ಕಡೆಯದಾಗಿ 1842ರಲ್ಲಿ, ತನ್ನ 76ನೆಯ ವಯಸ್ಸಿನಲ್ಲಿ, ಆಲ್ಜೀರಿಯದ ಸೈನಿಕ ಆಸ್ಪತ್ರೆಗಳನ್ನು ತನಿಖೆ ಮಾಡಲು ಹೋಗಿ, ಹಿಂದಿರುಗುವ ದಾರಿಯಲ್ಲಿ ಜುಲೈ 25ರಂದು ಲಿಯೋಂ ನಗರದಲ್ಲಿ ಕಣ್ಮುಚ್ಚಿದನು. ಚಿತ್ರಕಾರ್ತಿಯಾಗಿದ್ದ ಆತನ ಪತ್ನಿ ಶಾರ್ಲೊಟ್ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದಳು. ಮಗ ಇಪೊಲೀತ್ ತಂದೆಯ ವೃತ್ತಿಯನ್ನೇ ಹಿಡಿದು ಹೆಸರಾದನು.

ಲಾರೇಯನ್ನು ದೇವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಮರಗಟ್ಟಿದ ಅಂಗವನ್ನು ಹಿಮದಿಂದ ಉಜ್ಜಬೇಕೆಂಬ ಆತನ ಬೋಧೆ ಬಹುಕಾಲ ಪ್ರಚಾರದಲ್ಲಿದ್ದು, ಹಾನಿಕರವೆಂದು ಕಂಡುಬಂದು ಬಿಟ್ಟುಹೋಯಿತು. ಗಾಯಗಳಲ್ಲಿ ಕೀವು ಏಕೆ ಆಗುತ್ತದೆಂಬುದನ್ನು ಆತನು ಅರಿತಿರಲಿಲ್ಲ; ಲಿಸ್ಟರನ ಕ್ರಿಮಿನಾಶಕ ಶಸ್ತ್ರಕ್ರಿಯೆ ಪ್ರಕಟವಾದುದು 1867ರಲ್ಲಿ. ಅದಕ್ಕಿಂತಲೂ ಮನಸ್ಸನ್ನು ಕಲಕುವ ವಿಷಯ ಇನ್ನೊಂದಿದೆ. ಆತನು ಬದುಕಿಸಿದ ಜನರನ್ನು ಸಾವಿನ ಬಾಯಿಗೆ ಒಡ್ಡಿದ ಚಕ್ರವರ್ತಿಯನ್ನು ಆತನು ಕೊನೆಯವರೆಗೂ ಭಕ್ತಿಯಿಂದ ನೆನೆದನು. ಮಹಾಪುರುಷರ ಜೀವನದಲ್ಲಿಯೂ ಇಂಥ ಬಿಡಿಸಲಾಗದ ಗಂಟುಗಳಿರುತ್ತವೆ. ಜೀವನಚರಿತ್ರೆಯನ್ನು ಬರೆಯುವವನು ಅವನ್ನು ಮರೆಮಾಡತಕ್ಕುದಲ್ಲ.

ಆದರೂ ಆತನು ಬಿಟ್ಟುಹೋದುದು ದೊಡ್ಡದು. ಹಾರುವ ಆಂಬುಲೆನ್ಸಿನ ಮರದ ಬಂಡಿಗಳು ಇಂದಿಲ್ಲ. ಗಾಯಾಳುವಿದ್ದಲ್ಲಿಗೆ ವೈದ್ಯವಿದ್ಯೆಯೇ ನಡೆದು ಹೋಗಬೇಕು, ಹೋದವನು ಶಿಕ್ಷಿತನಾಗಿರಬೇಕು, ಅವನು ಪದವಿಯನ್ನು ನೋಡದೆ ಗಾಯವನ್ನು ನೋಡಬೇಕು, ನೋಡಿ ತಿಳಿದುದನ್ನು ಗಾಯಾಳುವಿನ ಕೇಡಿಗೆ ಬಳಸಬಾರದು ಎಂಬ ಪಾಠ ಉಳಿದಿದೆ. ನಮ್ಮ ನಾಡಿನಲ್ಲಿಯೂ ಈ ವಿದ್ಯೆಯನ್ನು ಕಲಿಯಲು ತರುಣತರುಣಿಯರು ಮುಂದೆ ಬರುತ್ತಿದ್ದಾರೆ. ನಾಡಿ ನೋಡುವುದನ್ನೂ ಪಟ್ಟಿ ಕಟ್ಟುವುದನ್ನೂ ಕಲಿಸುವ ಗುರುಗಳು ಅದರ ಜೊತೆಗೆ 1813ರ ಆ ಹುಡುಗರ ಕಥೆಯನ್ನೂ ಅವರಿಗೆ ಹೇಳಿದರೆ ಲೇಸೆಂದು ನನಗೆ ತೋರುತ್ತದೆ.

ಇನ್ವಾಲಿಡ್ ಎಂಬ ಹೆಸರಿನ ಸೈನಿಕಾಶ್ರಮದ ಆವರಣದಲ್ಲಿ, ತಾನು ಉಪಚರಿಸಿದ ಸೈನಿಕರ ಸಮೀಪದಲ್ಲಿ, ತನ್ನನ್ನು ಸಮಾಧಿ ಮಾಡಬೇಕೆಂಬುದು ಲಾರೇಯ ಆಸೆಯಾಗಿತ್ತು. ಆಗ ಅದು ನೆರವೇರಲಿಲ್ಲ. ಪೇರ್ ಲಾಶೇಸ್ ಸ್ಮಶಾನದಲ್ಲಿ ಆತನನ್ನು ಹೂಳಿದರು. ಒಂದೂವರೆ ಶತಮಾನ ಕಳೆದ ಮೇಲೆ, 1992ರಲ್ಲಿ, ಆತನ ಅಸ್ಥಿಗಳನ್ನು ಇನ್ವಾಲಿಡ್‌ಗೆ ತಂದಿರಿಸಿದರು. ಬಿದ್ದವರೆಲ್ಲರ ಸರದಿಯನ್ನು ನ್ಯಾಯವಾಗಿ ಗೊತ್ತುಮಾಡಿದವನು ತನ್ನ ಸರದಿಗಾಗಿ ಅಷ್ಟು ಕಾಲ ಕಾಯಬೇಕಾಯಿತು.